410 ಕಿಲೋಮೀಟರ್ ಹಾರಲು 1 ಗಂಟೆ 25 ನಿಮಿಷ ಯಾಕೆ ಬೇಕು?

ಪ್ರಶ್ನೆ: ನನ್ನ ತಂದೆಗೆ 74 ವರ್ಷ, ಎರಡೂ ಮೊಣಕಾಲು ನೋವು. ಮುಂದಿನ ತಿಂಗಳು ಅವರನ್ನು ಒಂದು ಚಿಕ್ಕ ವಿಮಾನ ನಿಲ್ದಾಣದಿಂದ ಇನ್ನೊಂದು ಚಿಕ್ಕ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ಬೇರೆ ಕಂಪನಿಯ ವಿಮಾನ ಹತ್ತಿಸಬೇಕು. ಎರಡರ ನಡುವೆ ರಸ್ತೆಯಲ್ಲಿ 540 ಕಿ.ಮೀ., ಸುಮಾರು 10 ಗಂಟೆ ದಾರಿ. ಆದರೆ ದೂರ ಲೆಕ್ಕ ಹಾಕುವ ಒಂದು ಆ್ಯಪ್ 410 ಕಿ.ಮೀ., ಹಾರಾಟಕ್ಕೆ 31 ನಿಮಿಷ ಅನ್ನುತ್ತದೆ. ಇನ್ನೊಂದು 1 ಗಂಟೆ 1 ನಿಮಿಷ ಅನ್ನುತ್ತದೆ. ಟಿಕೆಟ್‌ನಲ್ಲಿ ಮಾತ್ರ ಬೆಳಿಗ್ಗೆ 9.15ಕ್ಕೆ ಹೊರಟು 10.40ಕ್ಕೆ ತಲುಪುತ್ತದೆ ಅಂತಿದೆ, ಅಂದರೆ 1 ಗಂಟೆ 25 ನಿಮಿಷ. ವಾಪಸ್ ಬರುವಾಗ ಅದೇ ದಾರಿಗೆ 1 ಗಂಟೆ 15 ನಿಮಿಷ! ಕಂಪನಿಯವರು ಸುಮ್ನೆ ಸಮಯ ಸೇರಿಸಿ ತೋರಿಸುತ್ತಾರಾ? ಅದು ರೆಕ್ಕೆಯಲ್ಲಿ ಫ್ಯಾನ್ ಇರುವ ವಿಮಾನವಂತೆ. ಹಳೆಯದಾಗಿರುವುದಕ್ಕೇ ನಿಧಾನವಾ? ಹೋದ ಸಲ ಇಳಿಯುವ ಮುಂಚೆ ವಿಮಾನ ಆಕಾಶದಲ್ಲೇ ಮೂರು ಸುತ್ತು ಹೊಡೆಯಿತು. ಇಂಧನ ಮುಗಿದರೆ ಏನು ಗತಿ ಅಂತ ತಂದೆಗೆ ಆವತ್ತಿನಿಂದ ಒಂದೇ ಭಯ. ಮುಂದಿನ ವಿಮಾನ 11.55ಕ್ಕೆ, ಅದರ ಟಿಕೆಟ್ ಬೇರೆ ತಗೋಬೇಕು. ನಿಜವಾಗಿ ಬೆಳಿಗ್ಗೆ 10 ಗಂಟೆಯೊಳಗೆ ತಲುಪುತ್ತೇವೆ ಅಂತ ನನ್ನ ಲೆಕ್ಕ. ಸರಿಯಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಎರಡು ಸಾಲು. ಅದಕ್ಕೇ ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ. ನೀವು 10 ಗಂಟೆಯೊಳಗೆ ತಲುಪುವುದಿಲ್ಲ. 11.55ರ ಆ ಟಿಕೆಟ್ ಇನ್ನೂ ತೆಗೆದುಕೊಂಡಿಲ್ಲವಾದರೆ ದಯವಿಟ್ಟು ತೆಗೆದುಕೊಳ್ಳಬೇಡಿ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಕಥೆ. ಅದನ್ನು ಒಮ್ಮೆ ತಿಳಿದುಕೊಂಡರೆ ಮುಂದೆ ಯಾವ ಎರಡು ಊರಿನ ನಡುವೆ ಹೊರಟರೂ ನೀವೇ ಲೆಕ್ಕ ಹಾಕಬಹುದು.

ನನ್ನ ಕೆಲಸ ಫ್ಲೈಟ್ ಡಿಸ್ಪ್ಯಾಚ್. ವಿಮಾನ ಹೊರಡುವ ಮುಂಚೆ ಯಾವ ದಾರಿ, ಎಷ್ಟು ಎತ್ತರ, ಎದುರು ಗಾಳಿ ಎಷ್ಟು, ಇಂಧನ ಎಷ್ಟು, ಎಷ್ಟು ನಿಮಿಷ ಅಂತ ಲೆಕ್ಕ ತೆಗೆದು ಪೈಲಟ್ ಕೈಗೆ ಕೊಡುವುದು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದನ್ನೇ ಮಾಡಿದ್ದೇನೆ, ಅದರಲ್ಲಿ ಬಹುಪಾಲು ನೀವು ಹೇಳಿದಂಥ ಚಿಕ್ಕ ಚಿಕ್ಕ ನಿಲ್ದಾಣಗಳ ನಡುವಿನ ಹಾರಾಟಗಳದ್ದು.

ಮೊದಲು ದೂರ. 410 ಕಿ.ಮೀ. ಅನ್ನುವುದು ಸರಿಯಾದ ಲೆಕ್ಕವೇ. ಒಂದು ಗ್ಲೋಬಿನ ಮೇಲೆ ಎರಡು ಊರಿಗೂ ಗುಂಡುಪಿನ್ನು ಚುಚ್ಚಿ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ, ಆ ದಾರ ಎಷ್ಟು ಉದ್ದವೋ ಅಷ್ಟು. ಗ್ರೇಟ್ ಸರ್ಕಲ್ ದೂರ ಅಂತ ಇದಕ್ಕೆ ಹೆಸರು. ಒಂದು ಆ್ಯಪ್‌ಗೂ ಇನ್ನೊಂದಕ್ಕೂ ಒಂದೆರಡು ಕಿಲೋಮೀಟರ್ ಆಚೀಚೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವು ಆ್ಯಪ್‌ಗಳು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ದುಂಡು ಚೆಂಡು ಅಂತ ಹಿಡಿಯುತ್ತವೆ. ಇನ್ನು ಕೆಲವು ಧ್ರುವಗಳ ಹತ್ತಿರ ಅದು ಸ್ವಲ್ಪ ಚಪ್ಪಟೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳುತ್ತವೆ. ಇದರಿಂದ ಆಗುವ ವ್ಯತ್ಯಾಸ ಹೆಚ್ಚೆಂದರೆ ಶೇಕಡಾ ಅರ್ಧ. ನಿಮ್ಮ ದೂರಕ್ಕೆ 2 ಕಿ.ಮೀ. ಅಷ್ಟೇ.

ಜನ ಎಡವುವುದು ಅಳತೆಯ ಹೆಸರಿನಲ್ಲಿ. ಇದೇ 410 ಕಿಲೋಮೀಟರ್ ಮಾಮೂಲಿ ಮೈಲಿಯಲ್ಲಿ 255, ನಾಟಿಕಲ್ ಮೈಲಿಯಲ್ಲಿ 221. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಹೆಚ್ಚು ಕಡಿಮೆ ಇಷ್ಟು ಬರುತ್ತದೆ. ವಿಮಾನದ ಲೆಕ್ಕವೆಲ್ಲ ನಡೆಯುವುದು ಇದರಲ್ಲೇ. ಗಂಟೆಗೆ ಒಂದು ನಾಟಿಕಲ್ ಮೈಲಿ ಹೋದರೆ ಅದು ಒಂದು ನಾಟ್ ವೇಗ.

ಆ ದಾರ ಎಳೆದ ಗೆರೆಯ ಮೇಲೇ ವಿಮಾನ ಹೋಗುವುದು ತೀರಾ ಅಪರೂಪ. ಹೊರಡುವಾಗ ಗಾಳಿಗೆ ಎದುರಾಗಿ ಏರಬೇಕು, ಇಳಿಯುವಾಗಲೂ ಗಾಳಿಗೆ ಎದುರಾಗಿಯೇ ಇಳಿಯಬೇಕು. ನೀವು ಪೂರ್ವಕ್ಕೆ ಹೋಗಬೇಕಾಗಿದ್ದು ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ, ವಿಮಾನ ಮೊದಲು ಪಶ್ಚಿಮಕ್ಕೆ ಏರಿ ಆಮೇಲೆ ತಿರುಗಿಕೊಳ್ಳುತ್ತದೆ. ನಡುದಾರಿಯಲ್ಲಿ ಗೊತ್ತು ಮಾಡಿದ ಬಿಂದುಗಳಿರುತ್ತವೆ, ಅವುಗಳ ಮೇಲೆ ಹಾಯ್ದು ಹೋಗಬೇಕು. ಸೇನೆಯವರು ಅಭ್ಯಾಸ ಮಾಡುವ ಆಕಾಶ ಇದ್ದರೆ ಅದರೊಳಗೆ ಹೋಗದೆ ಸುತ್ತಿಕೊಂಡು ಹೋಗಬೇಕು. 410 ಕಿಲೋಮೀಟರಿನ ದಾರಿಗೆ ಇದೆಲ್ಲ ಸೇರಿ 30ರಿಂದ 40 ಕಿ.ಮೀ. ಜಾಸ್ತಿಯಾದರೆ ನನಗೇನೂ ಆಶ್ಚರ್ಯವಿಲ್ಲ.

ದಾರಿ ಅನ್ನುವುದು ದೂರಕ್ಕಿಂತ ಎಷ್ಟು ಬೇರೆ ಅನ್ನುವುದಕ್ಕೆ ಒಂದು ದೊಡ್ಡ ಉದಾಹರಣೆ ಕೊಡುತ್ತೇನೆ. ಹೆಲ್ಸಿಂಕಿಯಿಂದ ಟೋಕಿಯೋಗೆ ವಿಮಾನಗಳು ರಷ್ಯಾದ ಮೇಲೆ ಹಾರುತ್ತಿದ್ದಾಗ ಸುಮಾರು ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು. 2022ರಲ್ಲಿ ಆ ಆಕಾಶ ಅವರಿಗೆ ಮುಚ್ಚಿತು. ಈಗ ಅದೇ ಪ್ರಯಾಣಕ್ಕೆ ಸುಮಾರು 13 ಗಂಟೆ ಬೇಕು. ಎರಡು ಊರಿನ ನಡುವಿನ ದೂರ ಒಂದು ಮೀಟರೂ ಬದಲಾಗಿಲ್ಲ. ದೂರದ ಆ್ಯಪ್ ಇವತ್ತೂ ಹಳೆಯ ಅಂಕಿಯನ್ನೇ ತೋರಿಸುತ್ತದೆ.

ಇನ್ನು ನಿಮ್ಮ 31 ನಿಮಿಷ ಎಲ್ಲಿಂದ ಬಂತು? ಇಂಥ ಆ್ಯಪ್‌ಗಳು ವಿಮಾನಗಳ ವೇಳಾಪಟ್ಟಿಯನ್ನು ನೋಡುವುದೇ ಇಲ್ಲ. ದೂರವನ್ನು ಗಂಟೆಗೆ ಸುಮಾರು 800 ಕಿ.ಮೀ.ನಿಂದ ಭಾಗಿಸುತ್ತವೆ, ಮುಗೀತು. 410 ಭಾಗಿಸು 800 ಅಂದರೆ 31 ನಿಮಿಷ. ಎರಡನೆಯ ಆ್ಯಪ್ ಅದಕ್ಕೆ ಏರುವುದಕ್ಕೂ ಇಳಿಯುವುದಕ್ಕೂ ಅಂತ 30 ನಿಮಿಷ ಸೇರಿಸಿ 1 ಗಂಟೆ 1 ನಿಮಿಷ ಅಂದಿದೆ. ಆ ಎರಡು ಊರಿನ ನಡುವೆ ವಿಮಾನವೇ ಇಲ್ಲದಿದ್ದರೂ ಈ ಆ್ಯಪ್‌ಗಳು ಹೀಗೇ ಒಂದು ಸಮಯ ತೋರಿಸುತ್ತವೆ. ಅದನ್ನು ನಂಬಿ ಮನೆಯವರ ಪ್ರಯಾಣದ ಯೋಜನೆ ಮಾಡಬಾರದು ಅನ್ನುವುದು ಅದಕ್ಕೇ. ಗಂಟೆಗೆ 800 ಕಿ.ಮೀ. ಅನ್ನುವುದು ಜೆಟ್ ವಿಮಾನ ತನ್ನ ಪೂರ್ತಿ ಎತ್ತರ ಮುಟ್ಟಿದ ಮೇಲೆ ಹೋಗುವ ವೇಗ. ನೀವು ಹತ್ತುವುದು ಬೇರೆಯದೇ ಜಾತಿಯ ವಿಮಾನ.

ನೀವು ವಿಮಾನದ ಹೆಸರು ಬರೆದಿಲ್ಲ. ಚಿಕ್ಕ ನಿಲ್ದಾಣಗಳ ನಡುವೆ ಓಡಾಡುವ, ರೆಕ್ಕೆಯಲ್ಲಿ ಪ್ರೊಪೆಲ್ಲರ್ ಇರುವ 70 ಸೀಟಿನ ವಿಮಾನ ಅಂದರೆ ಬಹುಮಟ್ಟಿಗೆ ಎಟಿಆರ್ 72 ಇರುತ್ತದೆ. ಅದನ್ನೇ ಇಟ್ಟುಕೊಂಡು, ನನ್ನ ಮೇಜಿನ ಮೇಲೆ ಕಾಗದ ಹೇಗೆ ತಯಾರಾಗುತ್ತದೆ ಅಂತ ಒಂದೊಂದೇ ನಿಮಿಷ ಹೇಳುತ್ತೇನೆ.

221 ನಾಟಿಕಲ್ ಮೈಲಿಗೆ ದಾರಿಯ ಬಳಸು ಸೇರಿಸಿ 241 ಅಂತ ಇಟ್ಟುಕೊಳ್ಳಿ. ನೆಲ ಬಿಟ್ಟ ಮೇಲೆ 18,000 ಅಡಿ ಏರುವುದಕ್ಕೆ ಸುಮಾರು 17 ನಿಮಿಷ. ಏರುವಾಗ ವೇಗ ಕಡಿಮೆ, ಅಷ್ಟರಲ್ಲಿ ಸಾಗಿದ್ದು 58 ಮೈಲಿಯಷ್ಟೇ. ಇಳಿಯುವ ಕಡೆಯಿಂದಲೂ ಲೆಕ್ಕ ಹಾಕಬೇಕು. ಪೈಲಟ್‌ಗಳು ಬಾಯಿಲೆಕ್ಕದಲ್ಲಿ ಪ್ರತಿ 1,000 ಅಡಿ ಇಳಿಯುವುದಕ್ಕೆ 3 ನಾಟಿಕಲ್ ಮೈಲಿ ಅಂತ ಹಿಡಿಯುತ್ತಾರೆ. 18,000 ಅಡಿಗೆ 54 ಮೈಲಿ, ವೇಗ ತಗ್ಗಿಸಲು ಇನ್ನೊಂದು ಹತ್ತು. ಅಂದರೆ ಇನ್ನೂ 65 ಮೈಲಿ ಇರುವಾಗಲೇ ಇಳಿಯಲು ಶುರು. ಇದಕ್ಕೆ 15 ನಿಮಿಷ, ರನ್‌ವೇಗೆ ನೇರವಾಗಿ ಸಾಲು ಹಿಡಿದು ನಿಧಾನವಾಗಿ ಬರುವ ಕೊನೆಯ ಹಂತಕ್ಕೆ 5 ನಿಮಿಷ. ಹಾಗಾದರೆ ಮೇಲೆ ಪೂರ್ತಿ ವೇಗದಲ್ಲಿ ಹಾರುವುದಕ್ಕೆ ಉಳಿದದ್ದೆಷ್ಟು? 118 ಮೈಲಿ, ಅರ್ಧ ದಾರಿಯೂ ಇಲ್ಲ. ಈ ವಿಮಾನದ ವೇಗ ಸುಮಾರು 275 ನಾಟ್, ಗಂಟೆಗೆ 510 ಕಿ.ಮೀ. ಆ ತುಂಡಿಗೆ 26 ನಿಮಿಷ. ಎಲ್ಲ ಕೂಡಿಸಿದರೆ ಆಕಾಶದಲ್ಲಿ 63 ನಿಮಿಷ.

ಇದೇ ಕಾರಣಕ್ಕೆ ಹತ್ತಿರದ ದಾರಿಗೆ ಜೆಟ್ ಹಾಕಿದರೂ ಜಾಸ್ತಿ ಲಾಭವಿಲ್ಲ. ಜೆಟ್ ಇನ್ನೂ ಮೇಲಕ್ಕೆ ಏರಬೇಕು, ಏರಿ ಮುಗಿಸುವ ಹೊತ್ತಿಗೆ ಇಳಿಯುವ ಸಮಯ ಬಂದಿರುತ್ತದೆ. ಜೊತೆಗೆ ಹಲವು ದೇಶಗಳಲ್ಲಿ 10,000 ಅಡಿಯ ಕೆಳಗೆ 250 ನಾಟ್ ದಾಟಬಾರದು ಅನ್ನುವ ನಿಯಮವಿದೆ, ಅದು ಎಷ್ಟೇ ಜೋರಾಗಿ ಹೋಗಬಲ್ಲ ವಿಮಾನವಾಗಿರಲಿ. ನಿಮ್ಮ ದಾರಿಯಲ್ಲಿ ಜೆಟ್ ಇದ್ದಿದ್ದರೂ ಉಳಿಯುತ್ತಿದ್ದದ್ದು ಹದಿನೈದು ಇಪ್ಪತ್ತು ನಿಮಿಷ.

ಮನೆಯಲ್ಲೇ ಕೂತು ಅಂದಾಜು ಮಾಡಲು ನಾನು ನೆಂಟರಿಷ್ಟರಿಗೆ ಹೇಳಿಕೊಡುವ ಲೆಕ್ಕ ಇದು: ಪ್ರೊಪೆಲ್ಲರ್ ವಿಮಾನವಾದರೆ ಕಿಲೋಮೀಟರನ್ನು 8ರಿಂದ ಭಾಗಿಸಿ, 30 ಸೇರಿಸಿ. ಜೆಟ್ ಆದರೆ 13ರಿಂದ ಭಾಗಿಸಿ, 35 ಸೇರಿಸಿ. ಬಂದ ಉತ್ತರ ನಿಮಿಷಗಳಲ್ಲಿ. ನಿಮ್ಮ 410ಕ್ಕೆ 51 ಮತ್ತು 30, ಒಟ್ಟು 81 ನಿಮಿಷ. ಟಿಕೆಟ್‌ನಲ್ಲಿ 85 ಇದೆ. ಹೆಚ್ಚು ಕಡಿಮೆ ಕೂಡಿ ಬಂತು, ಅಲ್ವಾ?

63 ನಿಮಿಷ 85 ಆಗುವುದು ನೆಲದ ಮೇಲೆ. ಟಿಕೆಟ್‌ನಲ್ಲಿರುವ 9.15 ಅಂದರೆ ವಿಮಾನ ನೆಲ ಬಿಡುವ ಹೊತ್ತು ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಅದು ಬಾಗಿಲು ಮುಚ್ಚಿ, ಗಾಲಿಗೆ ಕೊಟ್ಟ ಅಡ್ಡಗಟ್ಟೆ ತೆಗೆದು, ವಿಮಾನ ನಿಂತ ಜಾಗದಿಂದ ಕದಲುವ ಹೊತ್ತು. 10.40 ಅನ್ನುವುದು ಆ ಕಡೆ ನಿಂತು ಮತ್ತೆ ಗಾಲಿಗೆ ಅಡ್ಡ ಕೊಡುವ ಹೊತ್ತು. ನಮ್ಮಲ್ಲಿ ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತೇವೆ. ಆ ಅಡ್ಡಗಟ್ಟೆಯೇ ಬ್ಲಾಕ್, ಹೆಸರು ಬಂದದ್ದು ಅದರಿಂದಲೇ.

ಚಿಕ್ಕ ನಿಲ್ದಾಣಗಳಲ್ಲಿ ನೆಲದ ಮೇಲಿನ ಹೊತ್ತು ಹೇಗೆ ಹೋಗುತ್ತದೆ ಅನ್ನುವುದನ್ನು ಕಿಟಕಿ ಪಕ್ಕ ಕೂತವರು ನೋಡಬಹುದು. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ಪಕ್ಕದಲ್ಲೇ ಅದಕ್ಕೆ ಸಮನಾಗಿ ಇನ್ನೊಂದು ದಾರಿ ಇರುತ್ತದೆ, ಟ್ಯಾಕ್ಸಿವೇ. ವಿಮಾನ ಇಳಿದು ಪಕ್ಕಕ್ಕೆ ಸರಿದರೆ ಹಿಂದಿನವರಿಗೆ ರನ್‌ವೇ ಖಾಲಿ. ಅನೇಕ ಚಿಕ್ಕ ನಿಲ್ದಾಣಗಳಲ್ಲಿ ಆ ದಾರಿ ಇಲ್ಲ. ವಿಮಾನ ಇಳಿದ ಮೇಲೆ ರನ್‌ವೇಯ ತುದಿಯವರೆಗೆ ಹೋಗಿ, ಅಲ್ಲಿ ಅಗಲ ಮಾಡಿಟ್ಟ ಜಾಗದಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಬಂದ ರನ್‌ವೇಯ ಮೇಲೇ ವಾಪಸ್ ನಡೆದು ಬರಬೇಕು. ನಾವು ಬ್ಯಾಕ್‌ಟ್ರ್ಯಾಕ್ ಅನ್ನುತ್ತೇವೆ. 1,800 ಮೀಟರ್ ಉದ್ದವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಕ್ರಮಿಸಲು ಮೂರೂವರೆ ನಿಮಿಷಕ್ಕಿಂತ ಜಾಸ್ತಿ ಬೇಕು. ತಿರುಗುವುದಕ್ಕೆ ಇನ್ನೊಂದು ನಿಮಿಷ. ಹೊರಡುವಾಗಲೂ ಇದೇ ಕಥೆ. ರನ್‌ವೇ ಮೇಲೆ ಹತ್ತಿ, ಆ ತುದಿಗೆ ನಡೆದು ಹೋಗಿ, ತಿರುಗಿ, ಆಮೇಲೆ ಓಟ.

ಅಷ್ಟು ಹೊತ್ತೂ ಬೇರೆ ಯಾರೂ ಇಳಿಯುವ ಹಾಗಿಲ್ಲ, ಏರುವ ಹಾಗಿಲ್ಲ. ಒಂದು ಚಿತ್ರ ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ. ನಿಲ್ದಾಣದಲ್ಲಿ ಇರುವುದೇ ದಿನಕ್ಕೆ ಐದಾರು ವಿಮಾನ. ಆದರೆ ಎರಡು ವಿಮಾನ ಒಟ್ಟಿಗೆ ಬಂದುಬಿಟ್ಟಿವೆ. ಒಂದು ರನ್‌ವೇ ಮೇಲೆ ನಿಧಾನವಾಗಿ ವಾಪಸ್ ನಡೆದು ಬರುತ್ತಿದೆ, ಇನ್ನೊಂದು ಮೇಲೆ ಸುತ್ತುತ್ತಿದೆ, ಮೂರನೆಯದು ಎಂಜಿನ್ ಚಾಲೂ ಮಾಡಿಕೊಂಡು ಕೆಳಗೆ ಕಾಯುತ್ತಿದೆ. ರಡಾರ್ ಇಲ್ಲದ ಕಡೆ ಕಂಟ್ರೋಲರ್ ಕಣ್ಣಿಗೆ ಈ ವಿಮಾನಗಳು ಪರದೆಯ ಮೇಲೆ ಕಾಣುವುದೇ ಇಲ್ಲ. ಪೈಲಟ್‌ಗಳು ರೇಡಿಯೋದಲ್ಲಿ ಹೇಳಿದ ದೂರ, ಎತ್ತರ, ಸಮಯವನ್ನು ಕಾಗದದ ಪಟ್ಟಿಗಳ ಮೇಲೆ ಬರೆದುಕೊಂಡು ಒಂದೊಂದಾಗಿ ಬಿಡುತ್ತಾರೆ. ನಡುವೆ ಬಿಡುವ ಅಂತರ ಅದಕ್ಕೇ ಜಾಸ್ತಿ. ಅದು ನಿಮ್ಮ ಸುರಕ್ಷತೆಗೆ ಇರುವ ಅಂತರ. ಕೆಳಗೆ ಕಾಯುವವರಿಗೆ ಮಾತ್ರ ಯಾಕಪ್ಪಾ ಇಷ್ಟು ಹೊತ್ತು ಅನ್ನಿಸುತ್ತದೆ.

ಹೀಗೆ ಹೊರಡುವ ಕಡೆ 8 ನಿಮಿಷ, ಇಳಿದ ಕಡೆ 5 ನಿಮಿಷ ಸೇರಿದರೆ 76. ಉಳಿದ 9 ನಿಮಿಷವೇ ನೀವು ಅನುಮಾನಪಟ್ಟದ್ದು. ಆ ಅನುಮಾನ ಪೂರ್ತಿ ತಪ್ಪಲ್ಲ, ನೇರವಾಗಿ ಒಪ್ಪಿಕೊಳ್ಳುತ್ತೇನೆ. ಕಂಪನಿಗಳು ಸ್ವಲ್ಪ ಸಮಯ ಸೇರಿಸಿಯೇ ವೇಳಾಪಟ್ಟಿ ಮಾಡುತ್ತವೆ. ಹೇಳಿದ ಹೊತ್ತಿಗಿಂತ 15 ನಿಮಿಷದೊಳಗೆ ಬಂದರೆ ಸಮಯಕ್ಕೆ ಸರಿಯಾಗಿ ಬಂತು ಅಂತ ಲೆಕ್ಕಕ್ಕೆ ತಗೊಳ್ಳುವುದು ಈ ಉದ್ಯಮದ ವಾಡಿಕೆ. ವೇಳಾಪಟ್ಟಿ ಸ್ವಲ್ಪ ಸಡಿಲವಾಗಿದ್ದರೆ ಅಂಕಿ ಅಂಶ ಚೆನ್ನಾಗಿ ಕಾಣುತ್ತದೆ. ಅದು ಒಂದು ಕಾರಣ, ಮುಚ್ಚಿಡುವಂಥದ್ದೇನಲ್ಲ. ಇನ್ನೊಂದು ಕಾರಣ ನಿಮಗೇ ಉಪಯೋಗಕ್ಕೆ ಬರುವಂಥದ್ದು. ಇಂಥ ಒಂದು ವಿಮಾನ ದಿನಕ್ಕೆ ಆರೇಳು ಸಲ ಹಾರುತ್ತದೆ. ನಡುವೆ ನಿಲ್ಲುವುದು 25ರಿಂದ 30 ನಿಮಿಷ ಮಾತ್ರ. ಬೆಳಿಗ್ಗೆ 10 ನಿಮಿಷ ತಡವಾದರೆ ಆ ತಡ ಸಾಯಂಕಾಲದ ಹೊತ್ತಿಗೆ ಬೆಳೆದು 1 ಗಂಟೆ ಆಗುತ್ತದೆ. ಪ್ರತಿ ಹಾರಾಟದಲ್ಲೂ ಐದಾರು ನಿಮಿಷ ಕೈಯಲ್ಲಿದ್ದರೆ ತಡವನ್ನು ಅಲ್ಲಲ್ಲೇ ತೀರಿಸಿಕೊಂಡು ಬರಬಹುದು.

ವೇಳಾಪಟ್ಟಿಗೂ ನಿಜವಾದ ಹಾರಾಟಕ್ಕೂ ಇರುವ ವ್ಯತ್ಯಾಸ ಎಷ್ಟು ಮಾಮೂಲಿ ಸಂಗತಿ ಅಂದರೆ, ವೇಳಾಪಟ್ಟಿ ಇರುವ ಪ್ರಪಂಚದ ಅತಿ ಚಿಕ್ಕ ವಿಮಾನ ಪ್ರಯಾಣದಲ್ಲೂ ಅದು ಇದೆ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಅನ್ನುವ ದ್ವೀಪಗಳಿವೆ. ಅಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವೆ ದೂರ 2.7 ಕಿ.ಮೀ. ಗಾಳಿ ಅನುಕೂಲವಾಗಿದ್ದ ಒಂದು ದಿನ 53 ಸೆಕೆಂಡಿನಲ್ಲಿ ಹಾರಿದ ದಾಖಲೆ ಇದೆ. ವೇಳಾಪಟ್ಟಿಯಲ್ಲಿ ಮಾತ್ರ 2 ನಿಮಿಷ.

ಹೋಗುವಾಗ 1 ಗಂಟೆ 25, ಬರುವಾಗ 1 ಗಂಟೆ 15 ಯಾಕೆ? ಗಾಳಿ. 18,000 ಅಡಿಯಲ್ಲಿ 40 ನಾಟ್ ಗಾಳಿ ಬೀಸುವುದು ಮಾಮೂಲು. ಎದುರಿಗೆ ಬಂದರೆ 275 ಹೋಗುವ ವಿಮಾನ ನೆಲದ ಲೆಕ್ಕದಲ್ಲಿ 235 ಹೋಗುತ್ತದೆ, ಬೆನ್ನಿಗೆ ಬಂದರೆ 315. ನಾನು ಹೇಳಿದ ಆ 118 ಮೈಲಿಗೇ ಒಂದು ಕಡೆ 30 ನಿಮಿಷ, ಇನ್ನೊಂದು ಕಡೆ ಇಪ್ಪತ್ತೆರಡೂವರೆ. ಏರುವಾಗ ಇಳಿಯುವಾಗ ಸಿಗುವ ಗಾಳಿಯೂ ಸೇರಿದರೆ ಹತ್ತು ನಿಮಿಷದ ವ್ಯತ್ಯಾಸ ಆರಾಮಾಗಿ ಬರುತ್ತದೆ. ಉದ್ದದ ದಾರಿಗಳಲ್ಲಿ ಇದು ಗಂಟೆಗಟ್ಟಲೆ ಆಗಬಹುದು. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನು ಹಿಡಿದು ಒಂದು ಜಂಬೋ ಜೆಟ್ ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಯೊಳಗೇ, 4 ಗಂಟೆ 56 ನಿಮಿಷದಲ್ಲಿ ತಲುಪಿತ್ತು. ನಿಮ್ಮ ಕಂಪನಿಯವರು ಆ ಕಾಲದ ಸಾಮಾನ್ಯ ಗಾಳಿಯನ್ನು ನೋಡಿ ಎರಡು ಕಡೆಗೂ ಬೇರೆ ಬೇರೆ ಸಮಯ ಹಾಕಿದ್ದಾರೆ. ಅವರು ಲೆಕ್ಕ ಸರಿಯಾಗಿ ಮಾಡಿದ್ದಾರೆ ಅನ್ನುವುದಕ್ಕೆ ಅದೇ ಗುರುತು.

ಫ್ಯಾನ್ ಇರುವ ವಿಮಾನ ಹಳೆಯದು ಅನ್ನುವ ಮಾತು ನಾನು ಬಹಳ ಕೇಳಿದ್ದೇನೆ. ಎಟಿಆರ್ 72-600 ಸೇವೆಗೆ ಬಂದದ್ದು 2011ರಲ್ಲಿ. ಅದರ ರೆಕ್ಕೆಗಳಲ್ಲಿ ಇರುವುದೂ ಜೆಟ್‌ನಲ್ಲಿರುವಂತೆ ಟರ್ಬೈನ್ ಎಂಜಿನ್ನೇ. ಅದರ ಶಕ್ತಿಯಲ್ಲಿ ಬಹುಪಾಲು ಹೊರಗಿನ ಆರು ಅಲಗಿನ ಪ್ರೊಪೆಲ್ಲರನ್ನು ತಿರುಗಿಸುತ್ತದೆ, ಅಷ್ಟೇ ವ್ಯತ್ಯಾಸ. ಚಿಕ್ಕ ರನ್‌ವೇಯಲ್ಲಿ ಇಳಿಯುವುದಕ್ಕೆ, ಹತ್ತಿರದ ದಾರಿಗೆ ಕಡಿಮೆ ಇಂಧನದಲ್ಲಿ ಹೋಗುವುದಕ್ಕೆ ಅಂತಲೇ ಮಾಡಿದ ವಿಮಾನ. ಜೆಟ್‌ನಷ್ಟು ಎತ್ತರ ಹೋಗುವುದಿಲ್ಲವಾದ್ದರಿಂದ ಮೋಡದ ನಡುವೆ ಕುಲುಕಾಟ ಸ್ವಲ್ಪ ಜಾಸ್ತಿ ಅನ್ನಿಸಬಹುದು, ಸದ್ದೂ ಇರುತ್ತದೆ. ತಂದೆಯವರಿಗೆ ಮೊದಲೇ ಹೇಳಿಡಿ.

ಈಗ ಆ 11.55ರ ವಿಷಯಕ್ಕೆ ಬರೋಣ.

ಎಲ್ಲವೂ ಗಡಿಯಾರದ ಪ್ರಕಾರ ನಡೆಯಿತು ಅಂತಲೇ ಇಟ್ಟುಕೊಳ್ಳಿ. 10.40ಕ್ಕೆ ವಿಮಾನ ನಿಂತಿತು. ಗಾಲಿಕುರ್ಚಿ ಬೇಕಾದವರನ್ನು ಸಾಮಾನ್ಯವಾಗಿ ಕೊನೆಗೆ ಇಳಿಸುತ್ತಾರೆ. 10.55. ಸಾಮಾನು ಬರುವ ಹೊತ್ತಿಗೆ 11.05. ಎರಡನೇ ಟಿಕೆಟ್ ಬೇರೆಯಾದ್ದರಿಂದ ಸಾಮಾನು ತೆಗೆದುಕೊಂಡು ಹೊರಗೆ ಹೋಗಿ, ಮತ್ತೆ ಒಳಗೆ ಬಂದು, ಹೊಸದಾಗಿ ಚೆಕ್‌ಇನ್ ಮಾಡಬೇಕು. ಆ ಕೌಂಟರ್ ಹೊರಡುವ 45ರಿಂದ 60 ನಿಮಿಷ ಮುಂಚೆ ಮುಚ್ಚುತ್ತದೆ. ಅಂದರೆ 10.55ಕ್ಕೋ 11.10ಕ್ಕೋ. ಒಂದು ನಿಮಿಷವೂ ತಡವಾಗದ ದಿನವೇ ಇಷ್ಟು ಬಿಗಿ. ಹದಿನೈದು ನಿಮಿಷ ತಡವಾದರೆ, ಅದೂ ನಮ್ಮ ಲೆಕ್ಕದಲ್ಲಿ ಸಮಯಕ್ಕೆ ಬಂದ ವಿಮಾನವೇ, ನಿಮ್ಮ ಎರಡನೇ ಟಿಕೆಟ್ ಕೈಬಿಟ್ಟ ಹಾಗೆ. ಎರಡನೇ ಕಂಪನಿಗೆ ನೀವು ಬೇರೊಂದು ವಿಮಾನದಲ್ಲಿ ಬರುತ್ತಿದ್ದಿರಿ ಅನ್ನುವುದೇ ಗೊತ್ತಿರುವುದಿಲ್ಲ. ಬಾರದ ಪ್ರಯಾಣಿಕ ಅಂತ ಬರೆದುಕೊಂಡು ಹೊರಡುತ್ತಾರೆ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಅತ್ತೆ ಹೀಗೇ ಎರಡು ವಿಮಾನ ಬದಲಿಸಿ ಹೋಗಬೇಕಿತ್ತು. ಎಷ್ಟು ಹೊತ್ತು ಹಿಡಿಯುತ್ತೆ ಅಂತ ನನ್ನನ್ನು ಕೇಳಿದರು. ಆಗಷ್ಟೇ ಹಾರಾಟದ ಕಾಗದ ನೋಡಿದ್ದ ನಾನು ಮೇಲಿರುವ ಹೊತ್ತನ್ನೇ ಹೇಳಿದೆ, 48 ನಿಮಿಷ ಅಂತ. ಬ್ಲಾಕ್ ಟೈಮ್ ಹೇಳಬೇಕಿತ್ತು. ಆ ದಿನ ಕೆಳಗೆ ಇಪ್ಪತ್ತು ನಿಮಿಷ ಕಾಯಿಸಿದರು. ಎರಡನೇ ವಿಮಾನದ ಕೌಂಟರ್ ಮುಂದೆ ಅವರು ನಿಂತಾಗ ಅದು ಮುಚ್ಚಿ ನಾಲ್ಕು ನಿಮಿಷ ಆಗಿತ್ತು. ಇಡೀ ರಾತ್ರಿ ಆ ಲೋಹದ ಕುರ್ಚಿಯ ಮೇಲೆ ಕೂತು ಬೆಳಗು ಮಾಡಿದರು. ಫೋನಿನಲ್ಲಿ ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದು ಇವತ್ತಿಗೂ ನನಗೆ ನೋವಿನ ವಿಷಯವೇ. ನಿಮ್ಮ ತಂದೆಗೆ ಹಾಗಾಗಬಾರದು.

ನಿಮಗಿರುವ ದಾರಿಗಳಲ್ಲಿ ನಾನು ಮೊದಲು ನೋಡುವುದು ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿ, ಒಂದೇ ಪಿಎನ್ಆರ್ ಅಡಿಯಲ್ಲಿ ಸಿಗುತ್ತದಾ ಅಂತ. ಹಾಗೆ ಸಿಕ್ಕರೆ ಮೊದಲನೆಯದು ತಡವಾದರೂ ಮುಂದಿನದಕ್ಕೆ ಕೂರಿಸುವ ಜವಾಬ್ದಾರಿ ಕಂಪನಿಯದು, ಸಾಮಾನು ಕೂಡ ಬಹುತೇಕ ಕಡೆ ನೇರವಾಗಿ ಕೊನೆಯ ಊರಿಗೇ ಹೋಗುತ್ತದೆ. ಎಷ್ಟು ಅಂತರ ಬೇಕು ಅನ್ನುವ ಕನಿಷ್ಠ ಸಮಯ ಪ್ರತಿ ನಿಲ್ದಾಣಕ್ಕೂ ಗೊತ್ತು ಮಾಡಿರುತ್ತಾರೆ, ಅದಕ್ಕಿಂತ ಬಿಗಿಯಾದ ಟಿಕೆಟ್ ಅವರೇ ಮಾರುವುದಿಲ್ಲ. ಇದರ ತೊಂದರೆ ಏನೆಂದರೆ ಬೆಲೆ ಜಾಸ್ತಿ ಇರಬಹುದು. ಚಿಕ್ಕ ನಿಲ್ದಾಣದಿಂದ ಮುಂದಿನ ವಿಮಾನ ಮಾರನೆಯ ದಿನವೇ ಇದ್ದರೆ, ಕೂರಿಸುತ್ತೇವೆ ಅಂದರೂ ಕಾಯುವುದು ತಪ್ಪುವುದಿಲ್ಲ.

ನಿಮ್ಮ ವಿಷಯದಲ್ಲಿ ಕಂಪನಿಗಳೇ ಬೇರೆ. ಒಂದೇ ಟಿಕೆಟ್ ಸಿಗದಿದ್ದರೆ ಹಿಂದಿನ ದಿನವೇ ಹೋಗಿ, ಅಲ್ಲಿ ಒಂದು ರಾತ್ರಿ ಉಳಿದುಬಿಡಿ. ತಂದೆಯ ಮೊಣಕಾಲು ನೋಡಿದರೆ ನಾನು ಇದನ್ನೇ ಹೇಳುತ್ತೇನೆ. ವಸತಿಯ ಖರ್ಚು ಬರುತ್ತದೆ, ನಿಜ. ಆದರೆ ತಪ್ಪಿದ ವಿಮಾನದ ಟಿಕೆಟ್ಟನ್ನು ಅದೇ ದಿನ ಮತ್ತೆ ಕೊಳ್ಳುವ ಖರ್ಚು ಅದಕ್ಕಿಂತ ಜಾಸ್ತಿ. ಅದೇ ದಿನ ಹೋಗಲೇಬೇಕು ಅಂದರೆ ನಾಲ್ಕು ಗಂಟೆಯಾದರೂ ಅಂತರ ಇಡಿ. ಮೊದಲ ವಿಮಾನವೇ ರದ್ದಾದರೆ ಆ ನಾಲ್ಕು ಗಂಟೆಯೂ ಕೆಲಸಕ್ಕೆ ಬರುವುದಿಲ್ಲ ಅನ್ನುವುದನ್ನೂ ಮನಸ್ಸಿನಲ್ಲಿಟ್ಟುಕೊಂಡೇ ನಿರ್ಧರಿಸಿ.

ರಸ್ತೆಯ 10 ಗಂಟೆ ನೋವಿನ ಮೊಣಕಾಲಿಗೆ ಕಷ್ಟ. ವಿಮಾನದ ಲೆಕ್ಕವನ್ನೂ ಮನೆಯಿಂದ ಮನೆಗೆ ಹಾಕಿ ನೋಡಿ: ನಿಲ್ದಾಣಕ್ಕೆ ಹೋಗಲು 45 ನಿಮಿಷ, ಒಂದೂವರೆ ಗಂಟೆ ಮುಂಚೆ ಹಾಜರಿ, 85 ನಿಮಿಷ ಪ್ರಯಾಣ, ಹೊರಬರಲು 20, ಆ ಕಡೆ ಮತ್ತೆ 45. ಒಟ್ಟು 4 ಗಂಟೆ 45 ನಿಮಿಷ. ರಸ್ತೆಗಿಂತ ಅರ್ಧಕ್ಕೂ ಕಡಿಮೆ. ಅದು ಒಳ್ಳೆಯ ಆಯ್ಕೆಯೇ, 31 ನಿಮಿಷದ ಆಸೆ ಮಾತ್ರ ಬಿಡಬೇಕು.

ಟಿಕೆಟ್ ತಗೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ವಿಮಾನಗಳ ಜಾಡು ತೋರಿಸುವ ಆ್ಯಪ್‌ನಲ್ಲಿ ಆ ವಿಮಾನದ ಸಂಖ್ಯೆ ಹಾಕಿದರೆ ಹಿಂದಿನ ದಿನಗಳಲ್ಲಿ ಅದು ನಿಜವಾಗಿ ಎಷ್ಟು ಹೊತ್ತಿಗೆ ತಲುಪಿತು ಅಂತ ಸಿಗುತ್ತದೆ. ಸರಾಸರಿ ನೋಡಬೇಡಿ, ಅತಿ ಕೆಟ್ಟ ಎರಡು ದಿನ ನೋಡಿ. ನಿಮ್ಮ ಯೋಜನೆ ಆ ಎರಡು ದಿನವನ್ನು ತಡೆದುಕೊಳ್ಳುವ ಹಾಗಿರಬೇಕು. ವಾಪಸ್ ಬರುವಾಗ ದಿನದ ಕೊನೆಯ ವಿಮಾನ ಹಿಡಿಯಬೇಡಿ. ಎಷ್ಟೋ ಚಿಕ್ಕ ನಿಲ್ದಾಣಗಳು ಇಂತಿಷ್ಟು ಗಂಟೆಗೆ ಮುಚ್ಚುತ್ತವೆ. ತಡವಾದ ವಿಮಾನ ಅಲ್ಲಿ ಇಳಿಯಲಾಗದೆ ಬೇರೆ ಕಡೆ ಹೋಗುತ್ತದೆ, ಇಲ್ಲವೇ ರದ್ದಾಗುತ್ತದೆ. ಬೆಳಗಿನ ವಿಮಾನ ಒಳ್ಳೆಯದು, ಮಂಜು ಬೀಳುವ ಕಾಲ ಮಾತ್ರ ಬಿಟ್ಟು.

ಗಾಲಿಕುರ್ಚಿ ಬೇಕು ಅಂತ ಹೊರಡುವ 48 ಗಂಟೆ ಮುಂಚೆಯೇ ಎರಡೂ ಕಂಪನಿಗೆ ಹೇಳಿ, ಕೌಂಟರಿನಲ್ಲಿ ಕೇಳೋಣ ಅಂದುಕೊಳ್ಳಬೇಡಿ. ಎಟಿಆರ್‌ನಲ್ಲಿ ಹತ್ತುವುದು ಹಿಂದಿನ ಬಾಗಿಲಿನಿಂದ, ಐದಾರು ಮೆಟ್ಟಿಲು. ತಂದೆಗೆ ಮೆಟ್ಟಿಲು ಹತ್ತಲು ಆಗುತ್ತದೋ ಇಲ್ಲವೋ ಸ್ಪಷ್ಟವಾಗಿ ಹೇಳಿ, ಆಗ ಇಳಿಜಾರು ಹಲಗೆಯ ವ್ಯವಸ್ಥೆ ಮಾಡುತ್ತಾರೆ. ಹಿಂದಿನ ಸಾಲಿನಲ್ಲೇ ಸೀಟು ಕೇಳಿ, ನಡೆಯುವುದು ಕಡಿಮೆ. ತಲೆಯ ಮೇಲಿನ ಗೂಡು ಚಿಕ್ಕದು, ಕೈಚೀಲವನ್ನು ಸಿಬ್ಬಂದಿ ಬಾಗಿಲ ಹತ್ತಿರವೇ ತೆಗೆದುಕೊಂಡು ಸಾಮಾನಿನ ಜೊತೆ ಹಾಕಿಬಿಡಬಹುದು. ಔಷಧಿ ಚಿಕ್ಕ ಚೀಲದಲ್ಲಿ ಜೊತೆಗೇ ಇರಲಿ.

ಉಳಿದದ್ದು ತಂದೆಯವರ ಭಯ. ಇದನ್ನು ಅವರಿಗೇ ಓದಿ ಹೇಳಿ. ನಾನು ಮೇಲೆ ಲೆಕ್ಕ ಹಾಕಿದ 63 ನಿಮಿಷದ ಹಾರಾಟಕ್ಕೆ ಇಂಧನವನ್ನು 63 ನಿಮಿಷಕ್ಕಷ್ಟೇ ತುಂಬುವುದಿಲ್ಲ. ಅಷ್ಟಕ್ಕೆ ತುಂಬಿ, ಲೆಕ್ಕ ಹೆಚ್ಚು ಕಡಿಮೆಯಾದರೆ ಅಂತ ಇನ್ನೊಂದು 5 ನಿಮಿಷ. ಅಲ್ಲಿ ಇಳಿಯಲಾಗದಿದ್ದರೆ ಹತ್ತಿರದ ಬೇರೆ ನಿಲ್ದಾಣಕ್ಕೆ ಹೋಗಲು ಸುಮಾರು 35 ನಿಮಿಷದ್ದು. ಅದೆಲ್ಲ ಮುಗಿದ ಮೇಲೂ ಕೈ ಹಚ್ಚಬಾರದ 30 ನಿಮಿಷದ್ದು, ಇದು ಅಂತಾರಾಷ್ಟ್ರೀಯ ನಿಯಮ. ಒಟ್ಟು 2 ಗಂಟೆ 13 ನಿಮಿಷದ ಇಂಧನ. ಇದು ಕನಿಷ್ಠ, ಹವಾಮಾನ ಅನುಮಾನವಾಗಿದ್ದ ದಿನ ನಾವೇ ಇನ್ನೂ ಸೇರಿಸುತ್ತೇವೆ. ಆ ಕೊನೆಯ 30 ನಿಮಿಷಕ್ಕೆ ಕೈ ಹಾಕಬೇಕಾಗಬಹುದು ಅನ್ನಿಸಿದ ಕೂಡಲೇ ಪೈಲಟ್ ರೇಡಿಯೋದಲ್ಲಿ ಹೇಳಲೇಬೇಕು. ಕೈ ಹಾಕಲೇಬೇಕಾಗುತ್ತದೆ ಅಂತಾದರೆ ತುರ್ತು ಪರಿಸ್ಥಿತಿ ಅಂತ ಘೋಷಿಸುತ್ತಾರೆ, ಆಗ ಉಳಿದವರನ್ನೆಲ್ಲ ಪಕ್ಕಕ್ಕೆ ನಿಲ್ಲಿಸಿ ಅವರಿಗೆ ದಾರಿ ಬಿಡುತ್ತಾರೆ.

ಆ ಸುತ್ತುಗಳಿಗೂ ಅಳತೆ ಇದೆ. ಒಂದು ನಿಮಿಷ ನೇರ, ಒಂದು ನಿಮಿಷದಲ್ಲಿ ಅರ್ಧ ಸುತ್ತು, ಮತ್ತೆ ಒಂದು ನಿಮಿಷ ನೇರ, ಮತ್ತೆ ಒಂದು ನಿಮಿಷದಲ್ಲಿ ಅರ್ಧ ಸುತ್ತು. ಹೋದ ಸಲದ ಮೂರು ಸುತ್ತು ಅಂದರೆ 12 ನಿಮಿಷ. ಬಹುಶಃ ಕೆಳಗೆ ಯಾವುದೋ ವಿಮಾನ ರನ್‌ವೇ ಮೇಲೆ ವಾಪಸ್ ನಡೆದು ಬರುತ್ತಿತ್ತು. ಮುಂದಿನ ಸಲ ಹಾಗಾದರೆ ಅವರಿಗೆ ಕಿಟಕಿ ಪಕ್ಕದ ಸೀಟು ಕೊಟ್ಟು ಕೈಗಡಿಯಾರ ನೋಡಿಕೊಳ್ಳಲು ಹೇಳಿ. ಅದೇ ಗುಡ್ಡ, ಅದೇ ಕೆರೆ ನಾಲ್ಕು ನಿಮಿಷಕ್ಕೊಮ್ಮೆ ಕಿಟಕಿಗೆ ಬರುತ್ತದೆ.